ಸ್ವಾತಿ ಮಳೆಗೆ ನಾಲ್ಕು ಪದರ

ನಿಡಘಟ್ಟದಲ್ಲಿ ಹೆದ್ದಾರಿ ಎರಡು ಹೋಳಾಗುತ್ತದೆ. ರಸ್ತೆಯ ಮೇಲೆ ನಿಂತು ಹುಡುಕಿದರೆ ಸಿಗುವ ಗೆರೆಯಲ್ಲ ಅದು. ಬೆಂಗಳೂರು–ಮೈಸೂರು ದಶಪಥ ಕಟ್ಟುವಾಗ ಬೆಂಗಳೂರಿನಿಂದ ನಿಡಘಟ್ಟದವರೆಗಿನ 56 ಕಿ.ಮೀ. ಒಂದು ಗುತ್ತಿಗೆ, ಇಲ್ಲಿಂದ ಮೈಸೂರಿನವರೆಗಿನ 61 ಕಿ.ಮೀ. ಇನ್ನೊಂದು ಗುತ್ತಿಗೆ ಎಂದು ಬರೆದುಕೊಂಡಿದ್ದರು. ಹಾಗಾಗಿ ರಸ್ತೆ ಮುಗಿಯುವವರೆಗೂ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ಊರಿನ ಸುದ್ದಿ ಬಂದದ್ದು ಕಡಿಮೆ. ಚನ್ನಪಟ್ಟಣ ಹಿಂದಾದ ಮೇಲೆ ಮಂಡ್ಯ ಜಿಲ್ಲೆ ಶುರುವಾಗುವುದೂ ಇಲ್ಲೇ. ಮಾತು ಬದಲಾಗುವುದು ಇನ್ನೂ ಸ್ವಲ್ಪ ಮೊದಲೇ ಶುರುವಾಗಿರುತ್ತದೆ ಅನ್ನಿ.

ದೀಪಾವಳಿ ಕಳೆದು ಕಾರ್ತಿಕ ಹುಟ್ಟಿದೆ. ಚಿತ್ತೆ ಮಳೆ ಹೋಗಿ ಸ್ವಾತಿ ಹೂಡಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಈ ಸೀಮೆಯಲ್ಲಿ ಎರಡು ಮೂರು ದಿನ ಬಿಸಿಲಿನ ಮುಖ ಕಾಣುವುದಿಲ್ಲ. ಮುಂಗಾರಿನ ಹಾಗೆ ಗುಡುಗಿ ಸುರಿದು ಬಯಲು ಮಾಡಿಕೊಡುವ ಮಳೆಯಲ್ಲ, ರಾಗಿಹಿಟ್ಟು ಜರಡಿ ಹಿಡಿದ ಹಾಗೆ ಮೇಲಿಂದ ಉದುರುತ್ತಲೇ ಇರುವ ಸೋನೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿದಾಗಲೂ ಇದೇ ಸೋನೆ ಈ ಕಡೆಗೆ ಹರಿದು ಬಂದಿತ್ತು. ಮಟಮಟ ಮಧ್ಯಾಹ್ನವೇ ಜನ ಸ್ವೆಟರ್ ಹುಡುಕಿದ್ದರು. ಥರ್ಮಾಮೀಟರ್ ಇಟ್ಟು ನೋಡಿದರೆ ಇಂಥ ನಸುಕಿನಲ್ಲಿ ಇಪ್ಪತ್ತು ಡಿಗ್ರಿಯ ಆಸುಪಾಸು. ಮಡಿಕೇರಿಯವರಿಗೆ ಹೇಳಿದರೆ ನಗುತ್ತಾರೆ. ಆದರೆ ಆ ಇಪ್ಪತ್ತು ಡಿಗ್ರಿಯಲ್ಲಿ ಮೈಮೇಲಿನ ಬಟ್ಟೆ ಒದ್ದೆಯಾಗಿ, ಬೈಕು ಗಂಟೆಗೆ ಐವತ್ತು ಕಿಲೋಮೀಟರ್ ಓಡುತ್ತಿದ್ದರೆ ಏನಾಗುತ್ತದೆಂದು ತಿಳಿಯಬೇಕಾದರೆ ನಿಡಘಟ್ಟದ ಸರ್ವಿಸ್ ರಸ್ತೆಯಲ್ಲಿ ಬೆಳಗಿನ ಐದೂವರೆಗೆ ನಿಲ್ಲಬೇಕು.

ನಡುವಿನ ಆರು ಪಥದಲ್ಲಿ ಕಾರುಗಳು, ಬಸ್ಸುಗಳು ನೀರು ಸೀಳಿಕೊಂಡು ಹೋಗುತ್ತಿವೆ. ಅವುಗಳಲ್ಲಿ ಕೂತವರಿಗೆ ಮಳೆಯೆಂದರೆ ಗಾಜು ಒರೆಸುವ ವೈಪರಿನ ಸದ್ದು. 2023ರ ಮಾರ್ಚ್ 12ರಂದು ಇಲ್ಲಿಗೆ ಹತ್ತಿರದ ಗೆಜ್ಜಲಗೆರೆಯಲ್ಲಿ ಪ್ರಧಾನಿ ಬಂದು ಈ ರಸ್ತೆಯನ್ನು ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅದರಿಂದ ಕೆಳಗಿಳಿಸಿದರು. ಅಪಘಾತದ ಲೆಕ್ಕ ನೋಡಿ ಮಾಡಿದ ಕೆಲಸ, ತಪ್ಪೆನ್ನಲಾಗದು. ಇಳಿದವರೆಲ್ಲ ಈಗ ಇಕ್ಕೆಲದ ಸರ್ವಿಸ್ ರಸ್ತೆಯಲ್ಲಿ, ಮೇಲಿನ ರಸ್ತೆಯಿಂದ ಹಾರಿ ಬರುವ ನೀರಿನ ತುಂತುರನ್ನೂ ಸ್ವಾತಿ ಮಳೆಯ ಜೊತೆಗೆ ಸೇರಿಸಿಕೊಂಡು ಹೋಗುತ್ತಾರೆ. ಎಳನೀರು ಹೇರಿಕೊಂಡ ಟ್ರ್ಯಾಕ್ಟರ್ ಒಂದು ಮದ್ದೂರು ಮಾರುಕಟ್ಟೆಯ ಕಡೆ ಗುಡುಗುಡು ಸಾಗಿದೆ. ಗೊನೆಗಳ ಮೇಲೆ ಕೂತಿರುವ ಇಬ್ಬರು ಒಂದೇ ನೀಲಿ ಟಾರ್ಪಾಲನ್ನು ಹೊದ್ದಿದ್ದಾರೆ. ಅದರ ಅಂಚಿನಿಂದ ಬೀಡಿಯ ಹೊಗೆ ಮಾತ್ರ ಹೊರಗೆ ಬರುತ್ತಿದೆ.

ಟೀ ಅಂಗಡಿಯ ಶೀಟಿನ ಕೆಳಗೆ ಹಾಲಿನಣ್ಣ ಬೈಕು ನಿಲ್ಲಿಸಿದ್ದಾನೆ. ಅಕ್ಕಪಕ್ಕ ತೂಗುವ ಎರಡು ಕ್ಯಾನು. ಡೇರಿಗೆ ಹಾಲು ಹಾಕುವುದಕ್ಕೆ ಇನ್ನೂ ಹೊತ್ತಿದೆ. ಒಂದೊಂದಾಗಿ ಅವನು ಬಿಚ್ಚುವುದನ್ನು ನೋಡುವುದೇ ಒಂದು ಪಾಠ. ಮೊದಲು ರೈನ್‌ಕೋಟು. ಅದನ್ನು ಕೊಡವಿ ಹ್ಯಾಂಡಲ್ಲಿಗೆ ತಗುಲಿಸಿದ. ಒಳಗಿನ ಸ್ವೆಟರ್ ಮೇಲೆ, ಎದೆಯ ಭಾಗಕ್ಕೆ, ನಿನ್ನೆಯ ದಿನಪತ್ರಿಕೆ ನಾಲ್ಕು ಮಡಿಕೆಯಾಗಿ ಕೂತಿದೆ. ಪತ್ರಿಕೆ ತೆಗೆದು ಬೆಂಚಿನ ಮೇಲಿಟ್ಟ. ಅದರ ಮೇಲೆಯೇ ಕೂತ. ಸ್ವೆಟರಿನ ಕೆಳಗೆ ಬನೀನು ಇರಬೇಕಾದ ಜಾಗದಲ್ಲಿ ಹಸಿರು ಬಣ್ಣದ ಕಬಡ್ಡಿ ಜೆರ್ಸಿ, ಬೆನ್ನಿನ ಮೇಲೆ 7 ಎಂಬ ಅಂಕಿ, ಯಾವುದೋ ಹೊನಲು ಬೆಳಕಿನ ಪಂದ್ಯಾವಳಿಯ ಹೆಸರು ಅರ್ಧ ಅಳಿಸಿದೆ.

"ಮಗುಂದು," ಅಂದ. "ಬನೀನಾದ್ರೆ ಬೆವ್ರು ಈರ್ಕೊಂಡು ತಣ್ಣಗೆ ಅಂಟ್ಕತದೆ ಕನಣ್ಣ. ಇದು ಜಾರುಸ್ಬುಡ್ತದೆ."

ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹಿಮಾಲಯ ಹತ್ತುವವರಿಗೆ ದುಡ್ಡು ತೆಗೆದುಕೊಂಡು ಹೇಳಿಕೊಡುವ ಪಾಠವೂ ಇಷ್ಟೇ: ಮೈಗೆ ಅಂಟುವ ಪದರ ಬೆವರನ್ನು ಹಿಡಿದಿಡದೆ ಹೊರಕ್ಕೆ ಸಾಗಿಸಬೇಕು, ನಡುವಿನ ಪದರ ಗಾಳಿಯನ್ನು ಕದಲದಂತೆ ಹಿಡಿದಿಡಬೇಕು, ಹೊರಗಿನ ಪದರ ಮಳೆಯನ್ನೂ ಬೀಸುಗಾಳಿಯನ್ನೂ ತಡೆಯಬೇಕು. ಹೊರಗಿನದಕ್ಕೆ ಬೆಚ್ಚಗಿಡುವ ಕೆಲಸವೇ ಇಲ್ಲ. ಅದು ಕಾವಲು ನಿಲ್ಲುತ್ತದೆ ಅಷ್ಟೆ. ಬೆಚ್ಚಗಿಡುವುದು ಸ್ವೆಟರಿನ ನೂಲೂ ಅಲ್ಲ ಅಂದರೆ ಹಾಲಿನಣ್ಣ ಒಪ್ಪಲಿಕ್ಕಿಲ್ಲ, ಆದರೆ ನಿಜ. ಆ ನೂಲಿನ ಸಂದಿಗೊಂದಿಗಳಲ್ಲಿ ಸಿಕ್ಕಿಕೊಂಡು ನಿಂತ ಗಾಳಿಯೇ ಮೈಯ ಶಾಖವನ್ನು ಹೊರಗೆ ಬಿಟ್ಟುಕೊಡದೆ ತಡೆಯುವುದು. ನಿಂತ ಗಾಳಿಗಿಂತ ನೀರು ಸುಮಾರು 24 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಸ್ವೆಟರ್ ನೆನೆದರೆ ಗಾಳಿ ಇದ್ದ ಜಾಗಕ್ಕೆಲ್ಲ ನೀರು ಬಂದು ಕೂರುತ್ತದೆ, ಆಮೇಲೆ ಅದು ಹೊರೆ.

ಒದ್ದೆ ಬಟ್ಟೆಯ ದಂಡ ಅಲ್ಲಿಗೆ ಮುಗಿಯುವುದಿಲ್ಲ. ಗಾಳಿಗೆ ಒಡ್ಡಿದ ನೀರು ಆವಿಯಾಗುತ್ತದೆ. ಒಂದು ಗ್ರಾಂ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅಂಗಿಯಲ್ಲಿ ಕುಳಿತ ನೂರು ಗ್ರಾಂ ನೀರು, ಅಂದರೆ ಈ ಅಂಗಡಿಯ ಒಂದು ಲೋಟ ಟೀಯಷ್ಟು, ಆರಬೇಕಾದರೆ 58 ಕಿಲೊಕ್ಯಾಲೊರಿ. ಸುಮ್ಮನೆ ಕುಳಿತ ಮನುಷ್ಯನ ಮೈ ಒಂದು ಗಂಟೆಯಲ್ಲಿ ಹುಟ್ಟಿಸುವ ಶಾಖವೇ 80 ಕಿಲೊಕ್ಯಾಲೊರಿಯ ಹತ್ತಿರ. ಬೈಕಿನ ಮೇಲೆ ಕೂತವನು ಸುಮ್ಮನೆ ಕುಳಿತವನೇ. ಸೈಕಲ್ಲಿನವನ ಹಾಗೆ ತುಳಿಯುವುದಿಲ್ಲ, ನಡೆಯುವವನ ಹಾಗೆ ಬಿಸಿಯಾಗುವುದಿಲ್ಲ. ಆವಿಗೆ ಬೇಕಾದ ಶಾಖ ಎಲ್ಲವೂ ಅವನ ಮೈಯಿಂದಲೇ ಹೋಗುವುದಿಲ್ಲವಾದರೂ ಹೋದಷ್ಟೇ ಸಾಕು, ಹಲ್ಲು ಕಟಕಟಿಸುವುದಕ್ಕೆ.

ಪತ್ರಿಕೆಯ ವಿದ್ಯೆಯೂ ಹಾಲಿನಣ್ಣನೊಬ್ಬನದಲ್ಲ. ಫ್ರಾನ್ಸ್ ದೇಶ ಸುತ್ತುವ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಬೆಟ್ಟದ ನೆತ್ತಿ ಮುಟ್ಟಿದ ಸವಾರರಿಗೆ ದಾರಿ ಬದಿಯ ಜನ ಪತ್ರಿಕೆ ಕೊಡುತ್ತಿದ್ದರು. ಅದನ್ನು ಅಂಗಿಯೊಳಗೆ ಎದೆಗೆ ಸೇರಿಸಿಕೊಂಡು ಇಳಿಜಾರಿನ ಗಾಳಿಗೆ ಒಡ್ಡುತ್ತಿದ್ದರು. ಹತ್ತುವಾಗ ಬೆವೆತ ಮೈ, ಇಳಿಯುವಾಗ ಐಸು. ಅವರಿಗೂ ಇವನಿಗೂ ಒಂದೇ ತೊಡಕು.

ಅಷ್ಟರಲ್ಲಿ ಲಗೇಜ್ ಆಟೋ ಒಂದು ಬಂತು. ಅದರ ಹಿಂದೆ ಬೈಕಿನಲ್ಲಿ ಗೂಡಿನ ಯಜಮಾನ. ಮಳವಳ್ಳಿ ಕಡೆಯಿಂದ ಹೊರಟು ರಾಮನಗರದ ಗೂಡಿನ ಮಾರುಕಟ್ಟೆಗೆ ಹೊತ್ತಾಗುವುದರೊಳಗೆ ಮುಟ್ಟಬೇಕು, ಹರಾಜಿಗೆ ಸಾಲು ಹಿಡಿಯಬೇಕು. ಆಟೋದಲ್ಲಿ ಬಿಳಿ ಗೂಡು ತುಂಬಿದ ಚೀಲಗಳು. ದ್ವಿತಳಿ ಗೂಡು, ಒಂದೊಂದರಲ್ಲೂ ಸಾವಿರ ಮೀಟರಿನ ಆಸುಪಾಸು ನೂಲು.

"ಈ ಮಳೇಲೇ ಹೊಂಟ್ಬುಟ್ಟಿದ್ದೀಯಲ್ಲಣ್ಣ," ಅಂದಳು ಟೀ ಅಂಗಡಿಯ ಅಕ್ಕ.

"ಇನ್ನೇನ್ ಮಾಡಾದವ್ವ, ಗೂಡು ಕಾಯ್ತದಾ? ಚಿಟ್ಟೆ ಕಡ್ಕೊಂಡು ಈಚೆ ಬಂದ್ಬುಟ್ರೆ ಮುಗೀತು."

ಆಟೋಗೆ ಟಾರ್ಪಾಲು ಕಟ್ಟಿರುವ ರೀತಿ ನೋಡಬೇಕು. ಚೀಲಕ್ಕೆ ಅಂಟುವಂತೆ ಬಿಗಿದಿಲ್ಲ. ಬಿದಿರಿನ ದಬ್ಬೆಗಳನ್ನು ಕಮಾನಾಗಿ ಬಗ್ಗಿಸಿ ನಿಲ್ಲಿಸಿ, ಅವುಗಳ ಮೇಲೆ ಟಾರ್ಪಾಲು ಎಳೆದು, ಹಿಂದೆ ಮುಂದೆ ಒಂದೊಂದು ಗೇಣು ಸಂದು ಬಿಟ್ಟಿದ್ದಾರೆ. ಮಳೆ ಒಳಕ್ಕೆ ಬೀಳುವುದಿಲ್ಲ, ಗಾಳಿ ಮಾತ್ರ ಆಡುತ್ತದೆ. ಚೀಲಗಳೂ ಸಂದು ಸಂದಿನ ಬಲೆಯ ಚೀಲಗಳೇ. ಯಾಕೆ ಇಷ್ಟೆಲ್ಲ ಕಷ್ಟ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದರೆ ಹನಿ ನೀರು ಬೀಳುತ್ತಿರಲಿಲ್ಲವಲ್ಲ ಅಂದರೆ ಯಜಮಾನ ಮಗುವಿಗೆ ಹೇಳುವ ಹಾಗೆ ಹೇಳಿದ:

"ಪ್ಲಾಸ್ಟಿಕ್ ಸುತ್ತುದ್ರೆ ಗೂಡು ಬೆವರ್ಕತದೆ. ಒಳ್ಗೆ ಜೀವ ಅದೆ, ಉಸ್ರಾಡ್ತದೆ. ಆ ಉಸ್ರೇ ನೀರಾಯ್ತದೆ. ಕರೆ ಕಟ್ಬುಟ್ರೆ ರೀಲರ್ ಮುಟ್ಟಲ್ಲ."

ಗೂಡಿನೊಳಗಿನ ಕೋಶ ಉಸಿರಾಡುವಾಗ ಶಾಖವನ್ನೂ ತೇವವನ್ನೂ ಬಿಡುತ್ತದೆ. ಅದು ಹೊರಗೆ ಹೋಗದಿದ್ದರೆ ಗೂಡು ಮೆತ್ತಗಾಗಿ ಕಲೆ ಬೀಳುತ್ತದೆ, ನೂಲು ಬಿಚ್ಚುವಾಗ ತುಂಡು ತುಂಡಾಗುತ್ತದೆ. ತಂಪು ಹೊತ್ತಿನಲ್ಲೇ ಸಾಗಿಸುವುದು ಅದಕ್ಕೇ. ಇಷ್ಟನ್ನು ಬೆರಳ ತುದಿಯಲ್ಲಿ ತಿಳಿದ ಈ ಮನುಷ್ಯ ಹೇಳುತ್ತ ಹೇಳುತ್ತ ತನ್ನ ರೈನ್‌ಕೋಟಿನ ಗುಂಡಿ ಬಿಚ್ಚಿದ. ಕತ್ತಿನವರೆಗೆ ಬಿಗಿದ, ಹೊರಗಿನ ಒಂದು ಹನಿಯನ್ನೂ ಒಳಗೆ ಬಿಡದ ರಬ್ಬರು ಲೇಪದ ಕೋಟು. ಒಳಗೆ ಅಂಗಿ ಒದ್ದೆಮುದ್ದೆ. ಕೋಟಿನ ಒಳಮೈಯಲ್ಲಿ ಹನಿಗಳು ಸಾಲಾಗಿ ಇಳಿಯುತ್ತಿವೆ.

"ಎಲ್ಲೋ ಸೋರ್ತದೆ ಇದು," ಅಂದ ಬೇಜಾರಿನಲ್ಲಿ.

"ಸೋರ್ತಿಲ್ಲ ಕನಣ್ಣ," ಅಂದ ಹಾಲಿನಣ್ಣ, ಪತ್ರಿಕೆಯ ಮೇಲಿನಿಂದ ಏಳದೆ. "ನೀನೇ ಬೆವ್ತಿರಾದು. ಗೂಡ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿಲ್ಲ, ನಿನ್ನ ಸುತ್ಕೊಂಡಿದ್ದೀಯ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಯಜಮಾನನೂ ನಕ್ಕ, ಆದರೆ ಸಂಶಯದಿಂದ ಕೋಟಿನ ಹೊಲಿಗೆಗಳನ್ನು ಇನ್ನೊಮ್ಮೆ ಬೆರಳಿನಿಂದ ಸವರಿ ನೋಡಿದ.

ಇದು ಹಳೆಯ ತಕರಾರು. 1823ರಲ್ಲಿ ಗ್ಲಾಸ್ಗೊದ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರು ಹಚ್ಚಿ ನೀರು ಒಳಗಿಳಿಯದ ಬಟ್ಟೆಗೆ ಪೇಟೆಂಟು ಪಡೆದ ಮೇಲೆ ಮಳೆ ಹೊರಗೆ ನಿಂತಿತು, ಬೆವರು ಒಳಗೆ ನಿಂತಿತು. ನಮ್ಮಲ್ಲಿ 1920ರಲ್ಲಿ ಶುರುವಾದ ಬೆಂಗಾಲ್ ವಾಟರ್‌ಪ್ರೂಫ್‌ನವರ ಡಕ್‌ಬ್ಯಾಕ್ ಕೋಟುಗಳು ಎರಡು ಮೂರು ತಲೆಮಾರಿನ ಮೇಷ್ಟರು, ಪೋಸ್ಟ್‌ಮ್ಯಾನ್, ಶಾಲೆಯ ಮಕ್ಕಳನ್ನು ಕಾಪಾಡಿದವು. ಅವುಗಳ ರಬ್ಬರಿನ ವಾಸನೆ ಹಿರಿಯರಿಗೆ ಇವತ್ತಿಗೂ ಜೂನ್ ತಿಂಗಳ ವಾಸನೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದು ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳ ಪೊರೆ ಮಾಡಿದ. ನೀರಿನ ಹನಿ ಆ ರಂಧ್ರದಲ್ಲಿ ತೂರದು, ಬೆವರಿನ ಆವಿ ತೂರುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಆ ಬಗೆಯ ಜರ್ಕಿನ್ನು ಸಿಗುತ್ತದೆ. ಬೆಲೆ ಕೇಳಿದರೆ ಒಂದು ಬಂಡೂರು ಟಗರು ನೆನಪಾಗುತ್ತದೆ. ಅಷ್ಟು ಕೊಟ್ಟು ತಂದರೂ ಸ್ವಾತಿಯ ಸೋನೆಯಲ್ಲಿ ಅದು ತನ್ನ ಪೂರ್ತಿ ಕೈಚಳಕ ತೋರಿಸುವುದಿಲ್ಲ. ಒಳಗಿನ ಗಾಳಿಗಿಂತ ಹೊರಗಿನ ಗಾಳಿ ಒಣಗಿದ್ದಷ್ಟೂ ಆವಿ ಬೇಗ ಹೊರಗೆ ಹೋಗುತ್ತದೆ. ಹೊರಗೂ ಗಾಳಿ ನೀರು ಕುಡಿದು ನಿಂತಿದ್ದರೆ ಕೆಲಸ ನಿಧಾನ. ಅಂಥ ಹೊತ್ತಿನಲ್ಲಿ ಕಂಕುಳಲ್ಲಿ ಒಂದು ಜಿಪ್ಪು, ಬೆನ್ನಿನ ಮೇಲೆ ಒಂದು ಸಂದು ಇರುವ ಅಗ್ಗದ ಕೋಟೇ ಮೇಲು ಎಂಬುದು ನನ್ನ ಎಣಿಕೆ.

ಬಂಡೂರು ಟಗರಿನ ಮಾತು ಬಂತಲ್ಲ. ಕುರಿಗೆ ಹೆಸರಾದ ಜಿಲ್ಲೆ ಇದು. ಬಂಡೂರು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಗಿಡ್ಡ ಕಾಲು, ಅಗಲ ಬೆನ್ನು, ಮೈತುಂಬ ಮಾಂಸ. ನಾಡಿನ ಮೂಲೆ ಮೂಲೆಯಿಂದ ಜನ ಹುಡುಕಿಕೊಂಡು ಬಂದು ಕೊಂಡೊಯ್ಯುತ್ತಾರೆ. ಆದರೆ ಅದರ ತುಪ್ಪಟದಿಂದ ಕಂಬಳಿ ಆಗುವುದಿಲ್ಲ. ಒರಟು ಕೂದಲು, ನೂಲುವವರು ಅದನ್ನು ಉಣ್ಣೆಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಹೀಗಾಗಿ ಮಂಡ್ಯದ ಬೆನ್ನಿಗೆ ಬಂದ ಕರಿ ಕಂಬಳಿಗಳು ಹೆಚ್ಚಾಗಿ ಬಯಲುಸೀಮೆಯವು. ಚಳ್ಳಕೆರೆಯ ಕಡೆ ಕುರುಬರು ಕರಿ ಕುರಿಯ ಉಣ್ಣೆ ನೂತು, ಹಾಸಿಗೆ ಹುಣಸೆಬೀಜದ ಗಂಜಿ ತೊಡೆದು, ಗುಣಿ ಮಗ್ಗದಲ್ಲಿ ನೇಯ್ದವು. ಆ ಗಂಜಿ ಕಂಬಳಿಗೆ ಬಿರುಸು ಕೊಡುತ್ತದೆ, ಒಂದಷ್ಟು ಹೊತ್ತು ನೀರನ್ನೂ ಜಾರಿಸುತ್ತದೆ. ಉಣ್ಣೆಯ ಗುಣ ಇನ್ನೂ ದೊಡ್ಡದು: ತನ್ನ ತೂಕದ ಮೂರನೇ ಒಂದು ಭಾಗದ ಹತ್ತಿರ ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಎಳೆಗಳ ಸುರುಳಿ ಕುಸಿಯುವುದಿಲ್ಲ, ಒಳಗಿನ ಗಾಳಿ ಬಿಟ್ಟು ಹೋಗುವುದಿಲ್ಲ.

ಕಂಬಳಿಯನ್ನು ಮಡಿಚಿ ಒಂದು ತುದಿಯನ್ನು ಗಂಟು ಹಾಕಿ ನೆತ್ತಿಗೆ ಏರಿಸಿದರೆ ಕೊಪ್ಪೆ. ನೆತ್ತಿಯಿಂದ ಹಿಂಗಾಲಿನವರೆಗೆ ಒಂದೇ ಇಳಿಜಾರು, ಮುಂದೆ ಪೂರಾ ತೆರೆದದ್ದು. ಉಳುವವನು, ದನ ಕಾಯುವವನು, ರಾತ್ರಿ ಗದ್ದೆಗೆ ನೀರು ತಿರುಗಿಸಲು ಹೋಗುವವನು ಅದರೊಳಗೆ ಬೆವರುತ್ತಿರಲಿಲ್ಲ, ನಡುಗುತ್ತಲೂ ಇರಲಿಲ್ಲ. ಇಡೀ ದಿನ ನೆನೆದ ಕಂಬಳಿಯನ್ನು ಹೊರುವುದು ಮಾತ್ರ ಗಟ್ಟಿ ಹೆಗಲಿನ ಕೆಲಸ. ಆರಲು ಎರಡು ದಿನ, ನಾತ ನಾಲ್ಕು ದಿನ. ಆ ಮೇಲೆ ಯೂರಿಯಾ ಚೀಲ ಬಂತು. ಐವತ್ತು ಕಿಲೋ ಹಿಡಿಯುತ್ತಿದ್ದ, 2018ರಿಂದ ನಲವತ್ತೈದಕ್ಕೆ ಇಳಿದ ಆ ಬಿಳಿ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತಳ್ಳಿದರೆ ಕ್ಷಣದಲ್ಲಿ ಕೊಪ್ಪೆ ಸಿದ್ಧ. ತೂಕವಿಲ್ಲ, ದುಡ್ಡಿಲ್ಲ, ಆರಿಸುವ ಗೋಜಿಲ್ಲ. ಬೆಚ್ಚಗೂ ಇಲ್ಲ. ಹಾಗಾಗಿ ಅದರ ಕೆಳಗೆ ಏನು ಹಾಕಬೇಕೆಂಬ ಪ್ರಶ್ನೆ ಹುಟ್ಟಿತು. ಕಂಬಳಿಯ ಕಾಲದಲ್ಲಿ ಒಂದೇ ಬಟ್ಟೆ ಮಾಡುತ್ತಿದ್ದ ಮೂರು ಕೆಲಸ ಈಗ ಮೂರು ಬಟ್ಟೆಗಳಿಗೆ ಹಂಚಿಹೋಯಿತು.

ಸರ್ವಿಸ್ ರಸ್ತೆಯ ಪಕ್ಕದ ಹೊಲದಲ್ಲಿ ಅದಕ್ಕೆ ಉತ್ತರ ನಡೆದಾಡುತ್ತಿದೆ. ಬೆಳಕು ಹರಿದಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ನಾಲ್ಕೈದು ಹೆಂಗಸರು ಸಾಲು ಹಿಡಿದಿದ್ದಾರೆ. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ, ಅದರ ಮೇಲೆ ಮಗಳು ಹೈಸ್ಕೂಲಿಗೆ ಹಾಕುತ್ತಿದ್ದ ಕಡುನೀಲಿ ಸ್ವೆಟರ್, ತಲೆಗೆ ಬಿಗಿದ ಟವೆಲು, ಎಲ್ಲದರ ಮೇಲೆ ಯೂರಿಯಾ ಚೀಲದ ಕೊಪ್ಪೆ. ಸೊಂಟಕ್ಕೆ ಹಗ್ಗ ಕಟ್ಟಿ ಸೆರಗು, ಅಂಗಿ, ಸ್ವೆಟರ್ ಮೂರನ್ನೂ ಒಟ್ಟಿಗೆ ಹಿಡಿದಿಟ್ಟಿದ್ದಾರೆ. ಕೆಳಗಿನಿಂದ ಗಾಳಿ ನುಗ್ಗದು. ಕೆಲಸ ಬಿಸಿಯೇರಿದ ಮೇಲೆ ಒಬ್ಬಾಕೆ ಸ್ವೆಟರ್ ಕಳಚಿ ಬದುವಿನ ತೆಂಗಿನ ಬುಡಕ್ಕೆ ಚೀಲ ಮುಚ್ಚಿ ಇಟ್ಟಳು. ಬೆವರುವುದಕ್ಕೆ ಮುಂಚೆ ಕಳಚಬೇಕು, ನಡುಗುವುದಕ್ಕೆ ಮುಂಚೆ ಹಾಕಬೇಕು. ಪದರಗಳ ಲಾಭ ಇರುವುದು ಈ ಹಾಕಿ ತೆಗೆಯುವುದರಲ್ಲೇ. ಒಂದೇ ದಪ್ಪ ಕೋಟು ಹಾಕಿದವರಿಗೆ ಎರಡೇ ದಾರಿ: ಬೇಯುವುದು, ಇಲ್ಲವೇ ನಡುಗುವುದು.

ಈ ವಿದ್ಯೆಯ ಹಳೆಯ ಮೇಷ್ಟರು ಇಲ್ಲಿಂದ ಹತ್ತಾರು ಕಿಲೋಮೀಟರಿನ ಒಳಗೇ ಇದ್ದಾರೆ. ರುದ್ರಾಕ್ಷಿಪುರದ ಬಳಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟುವ ಊರು. ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಹಕ್ಕಿಗಳ ಊರನ್ನು ಹೊರಜಗತ್ತಿಗೆ ತೋರಿಸಿದರು; 2007ರಲ್ಲಿ ಇದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಕೆರೆಯ ನೀರಿನಲ್ಲಿ ತೇಲಾಡುವ ಹೆಜ್ಜಾರ್ಲೆಯ ಚರ್ಮಕ್ಕೆ ನೀರು ತಾಗುವುದು ಕಡಿಮೆ. ಹೊರಗೆ ಒಂದರ ಮೇಲೊಂದು ಹೆಂಚಿನಂತೆ ಕೂತ ಗರಿಗಳು. ಬಾಲದ ಬುಡದ ಗ್ರಂಥಿಯಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಅವಕ್ಕೆ ಸವರುತ್ತದೆ, ಗರಿಯ ಎಳೆ ಎಳೆಯನ್ನೂ ಜೋಡಿಸುತ್ತದೆ. ಅದರ ಅಡಿಯಲ್ಲಿ ಮೆತ್ತನೆಯ ತುಪ್ಪುಳ, ಗಾಳಿ ಹಿಡಿದಿಡುವುದೇ ಅದರ ಕೆಲಸ.

ಎರಡರಲ್ಲಿ ಒಂದೇ ಇದ್ದರೆ ಏನಾಗುತ್ತದೆಂಬುದು ಮರಿಗಳನ್ನು ನೋಡಿದರೆ ತಿಳಿಯುತ್ತದೆ. ಹುಟ್ಟಿದಾಗ ಬರಿಮೈ. ಆಮೇಲೆ ಬಿಳಿ ತುಪ್ಪುಳ ಬರುತ್ತದೆ, ಸ್ವೆಟರ್ ಬಂದಂತಾಯಿತು. ಹೊರಗಿನ ಗರಿ ಬರಲು ಇನ್ನೂ ಕಾಯಬೇಕು. ಆ ನಡುವಿನ ದಿನಗಳಲ್ಲಿ ಜೋರು ಮಳೆ ಬಿದ್ದರೆ ತುಪ್ಪುಳ ನೆಂದು ಮೈಗೆ ಅಂಟಿಕೊಳ್ಳುತ್ತದೆ. ಎಷ್ಟು ದಪ್ಪ ತುಪ್ಪುಳವಿದ್ದರೇನು, ಮೇಲೆ ತಾಯಿಯ ಮೈ ಇರಬೇಕು. ಬೆಂಗಳೂರಿನಿಂದ ಹೊಸದಾಗಿ ಕೊಂಡ ಉಣ್ಣೆಯಂಥ ಫ್ಲೀಸ್ ಜಾಕೆಟ್ಟನ್ನೇ ಮೇಲುಡುಪು ಮಾಡಿಕೊಂಡು ಮಳೆಗೆ ಬೈಕು ಹತ್ತುವ ಹುಡುಗರ ಪಾಡೂ ಇದೇ. ನಿಂತಾಗ ಬೆಚ್ಚಗಿದ್ದದ್ದು ಓಡಿಸತೊಡಗಿದ ಕೂಡಲೇ ಜಾಲರಿಯಾಗುತ್ತದೆ.

ಬೈಕು ಹುಡುಗರದೇ ದಂಡೊಂದು ಏಳೂವರೆಗೆ ಬಂತು. ಮದ್ದೂರಿಗೆ ಹೋಗಿ ವಡೆ ತಿಂದು ತಿರುಗುವ ಭಾನುವಾರದ ಬೈಕುಗಳು. ಮೊಣಕೈಗೆ, ಹೆಗಲಿಗೆ ಪ್ಯಾಡು ಇರುವ ಭಾರಿ ಜಾಕೆಟ್ಟುಗಳು. ಒಳಗೆ ಜಿಪ್ಪಿನಿಂದ ಸೇರಿಸುವ ಬೆಚ್ಚನೆಯ ಅಸ್ತರಿ ಒಂದು, ಮಳೆ ತಡೆಯುವ ಅಸ್ತರಿ ಇನ್ನೊಂದು. ಒಳಗೇ ಇರುವ ಮಳೆ ಅಸ್ತರಿಯಿಂದ ಮೈಯೇನೋ ನೆನೆಯುವುದಿಲ್ಲ, ಹೊರಗಿನ ದಪ್ಪ ಬಟ್ಟೆ ಮಾತ್ರ ಲೀಟರುಗಟ್ಟಲೆ ನೀರು ಕುಡಿದು ತಣ್ಣಗೆ ತೂಗುತ್ತದೆ. ಅವರಲ್ಲಿ ಜಾಣನೊಬ್ಬ ಎಲ್ಲದರ ಮೇಲೆ ತೆಳ್ಳನೆಯ ಅಗ್ಗದ ರೈನ್‌ಕೋಟು ಹಾಕಿದ್ದ. ಅವನೊಬ್ಬನೇ ನಗುತ್ತ ಟೀ ಕುಡಿದ. ಲಕ್ಷಗಟ್ಟಲೆ ಬೆಲೆಯ ಆ ಬೈಕುಗಳಿಗೂ ಹಾಲಿನಣ್ಣನ ಬೈಕಿಗೂ ದಾರಿ ಒಂದೇ, ಈ ಸರ್ವಿಸ್ ರಸ್ತೆ.

ಗೂಡಿನ ಯಜಮಾನ ಹೊರಟುಹೋಗಿ ಬಹಳ ಹೊತ್ತಾಗಿದೆ. ಹೋಗುವ ಮುಂಚೆ ಹಾಲಿನಣ್ಣನಿಂದ ಪತ್ರಿಕೆ ಇಸಕೊಂಡು, ಒದ್ದೆ ಅಂಗಿ ಬಿಚ್ಚಿ ಹಿಂಡಿ, ಬರಿ ಮೈಮೇಲೆ ಆಟೋದವನ ಒಣ ಟವೆಲು ಸುತ್ತಿಕೊಂಡು, ಅದರ ಮೇಲೆ ಪತ್ರಿಕೆ, ಅದರ ಮೇಲೆ ಕೋಟು ಹಾಕಿ, ಮೇಲಿನ ಎರಡು ಗುಂಡಿ ಬಿಟ್ಟು ಹೋದ. ರೇಷ್ಮೆ ಬೆಳೆಯುವವನ ಮೈಮೇಲೆ ರೇಷ್ಮೆ ಇರುವುದು ಮದುವೆಯ ದಿನವೊಂದೇ. ದೂರದ ಒಬ್ಬರು ಅದನ್ನು ಚಳಿಗೆ ಉಟ್ಟಿದ್ದರು: 1924ರ ಜೂನ್‌ನಲ್ಲಿ ಎವರೆಸ್ಟ್ ತುದಿಯ ಹತ್ತಿರ ಕಣ್ಮರೆಯಾದ ಜಾರ್ಜ್ ಮಲೋರಿ. 1999ರಲ್ಲಿ ಅವರ ದೇಹ ಸಿಕ್ಕಾಗ ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ತೆಳು ಪದರಗಳು, ಎಲ್ಲದರ ಮೇಲೆ ಒತ್ತಾಗಿ ನೇಯ್ದ ಗ್ಯಾಬರ್ಡೀನ್ ಬಟ್ಟೆಯ ಅಂಗಿ. ಅಷ್ಟು ತೆಳು ಬಟ್ಟೆಯಲ್ಲಿ ಹೋದದ್ದು ಹುಚ್ಚು ಎಂದು ಬಹಳ ಕಾಲ ಜನ ಆಡಿಕೊಂಡಿದ್ದರು. 2006ರಲ್ಲಿ ಅದೇ ಬಟ್ಟೆಗಳನ್ನು ಎಳೆ ಎಣಿಸಿ ಮರಳಿ ನೇಯಿಸಿ, ಹೊಲಿಸಿ, ಎವರೆಸ್ಟ್ ಮೇಲೆಯೇ ತೊಟ್ಟು ನೋಡಿದಾಗ ನಡೆದಾಡುವಷ್ಟು ಹೊತ್ತೂ ಬೆಚ್ಚಗಿದ್ದವು, ಈಗಿನ ಉಡುಪಿಗಿಂತ ಹಗುರವಾಗಿದ್ದವು. ರೇಷ್ಮೆ ನಡುವೆ ಇದ್ದುದರಿಂದ ಒಂದು ಪದರ ಇನ್ನೊಂದರ ಮೇಲೆ ಸಿಕ್ಕಿಕೊಳ್ಳದೆ ಜಾರುತ್ತಿತ್ತು, ಕೈಕಾಲು ಆಡಿಸುವುದು ಸಲೀಸಾಗಿತ್ತು. ಮಳವಳ್ಳಿಯಲ್ಲಿ ಇದನ್ನು ಹೇಳಿದರೆ, ಅಷ್ಟು ದುಡ್ಡಿದ್ದಿದ್ರೆ ಮನೇಲೇ ಕಂಬಳಿ ಹೊದ್ಕೊಂಡು ಮಲಗಬೋದಿತ್ತಲ್ಲ ಅನ್ನುತ್ತಾರೆ; ಅದಕ್ಕೆ ಎದುರು ಮಾತಿಲ್ಲ.

ಹತ್ತರ ಹೊತ್ತಿಗೆ ಸೋನೆ ಒಂದಿಷ್ಟು ಬಿಡುವು ಕೊಟ್ಟಿತು. ರಸ್ತೆ ಬದಿಯ ಬೇಲಿಗೆ ಹಗ್ಗ ಕಟ್ಟಿ ಒಬ್ಬ ರೈನ್‌ಕೋಟುಗಳನ್ನು ನೇತುಹಾಕಿದ್ದಾನೆ. ಇನ್ನೊಂದು ಕಡೆ ಲುಧಿಯಾನದ ಅಕ್ರಿಲಿಕ್ ಸ್ವೆಟರು, ಮಂಕಿ ಟೋಪಿ. ಇಂಥವೇ ಸ್ವೆಟರುಗಳನ್ನು ಟಿಬೆಟಿನವರು ಪ್ರತಿ ಚಳಿಗಾಲ ಮೈಸೂರು, ಬೆಂಗಳೂರಿನ ಬೀದಿಗಳಲ್ಲಿ ಮಾರುತ್ತಾರೆ. ಹೊಸದಾಗಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಟೀಶರ್ಟಿನ ಮೇಲೆ ರೈನ್‌ಕೋಟು ಹಾಕಿ ನೋಡುತ್ತಿದ್ದಾನೆ. ಅಳತೆ ಹೊಲಿಸಿದಷ್ಟು ಸರಿಯಾಗಿದೆ. ಜೊತೆಗೆ ಬಂದಿರುವ ದೊಡ್ಡವ್ವ ತಲೆಯಾಡಿಸಿದಳು.

"ಸ್ವೆಟ್ರು ಹಾಕ್ಕೊಂಡು ಮೇಲೆ ಇಕ್ಕ್ ನೋಡ್ಲಾ. ಬೈಕ್ ಹಿಡ್ಕಳಂಗೆ ಕೈ ಮುಂದುಕ್ ಚಾಚು."

ಸ್ವೆಟರ್ ಹಾಕಿ, ಮೇಲೆ ಕೋಟು ಏರಿಸಿ ಕೈ ಚಾಚಿದ. ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಹಿಂದಕ್ಕೆ ಸರಿಯಿತು; ಬೆನ್ನು ಬಿಗಿದು ಸ್ವೆಟರ್ ಅಪ್ಪಚ್ಚಿಯಾಯಿತು. ಬಿಗಿಯಾದ ಕಡೆ ಗಾಳಿ ನಿಲ್ಲಲು ಜಾಗವಿಲ್ಲ. ಮೊದಲು ಚಳಿ ಹತ್ತುವುದು ಅಲ್ಲಿಂದಲೇ, ಹೆಗಲು, ಮೊಣಕೈ.

"ಎಕ್ಸೆಲ್ ಬ್ಯಾಡ, ಡಬ್ಬಲ್ ಎಕ್ಸೆಲ್ ಕೊಡಪ್ಪ," ಅಂದಳು ದೊಡ್ಡವ್ವ.

"ದೊಗಳೆ ಆಯ್ತದೆ ಕನವ್ವ, ಹುಡ್ಗ ಸಣ್ಣಗವ್ನೆ."

"ಆಗ್ಲಿ ಬುಡು. ಒಳೀಕೆ ಸ್ವೆಟ್ರು ಹೋಗ್ಬೇಕು, ಗಾಳೀನೂ ಹೋಗ್ಬೇಕು." ಆಮೇಲೆ ಕೋಟಿನ ತೋಳೆತ್ತಿ ಇಣುಕಿ ನೋಡಿದಳು. "ಕಂಕ್ಳತ್ರ ತೂತ ಅದಾ?"

"ತೂತಿರಾ ರೈನ್‌ಕೋಟ್ ಯಾರಾದ್ರೂ ಮಾರ್ತಾರೇನವ್ವ!"

"ಯಾಕೆ, ಗೂಡಿನ್ ಚೀಲುಕ್ಕೆ ಇರಲ್ವಾ?"

ವ್ಯಾಪಾರಿ ಅವಳ ಮುಖ ನೋಡಿದ. ಹಗ್ಗದ ಕೊನೆಯಲ್ಲಿ ನೇತಾಡುತ್ತಿದ್ದ ಇನ್ನೊಂದು ಕೋಟನ್ನು ಎಳೆದು, ಕಂಕುಳ ಭಾಗ ತಿರುಗಿಸಿ, ಹಿತ್ತಾಳೆ ಉಂಗುರ ಕೂರಿಸಿದ ಸಣ್ಣ ತೂತುಗಳನ್ನು ಬೆರಳಿಟ್ಟು ತೋರಿಸಿದ.

"ಇದುಕ್ಕದೆ ನೋಡು, ಕಡೇಗ್ ನಾಕು. ಅದುಕ್ಕೇ ಇದು ನೂರ್ ರೂಪಾಯ್ ಜಾಸ್ತಿ."